ಸದ್ಯಕ್ಕೆಂದು ಬಂದದ್ದು ತಳವೂರಿತು

ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಎಸ್‌ಎನ್‌ಎಂಪಿ ಎಂಬ ಭಾಗವಿದ್ದರೆ ತೆರೆದು ನೋಡಿ; ಜಾಲದ ಸಾಧನಗಳ ಮೇಲೆ ದೂರದಿಂದಲೇ ನಿಗಾ ಇಡುವ ಪದ್ಧತಿಯದು. ‘ಕಮ್ಯುನಿಟಿ’ ಎಂಬಲ್ಲಿ ಹಲವೊಮ್ಮೆ ‘ಪಬ್ಲಿಕ್’ ಎಂದು ಮೊದಲೇ ತುಂಬಿರುತ್ತದೆ. ಹೆಚ್ಚುಕಡಿಮೆ ಅದೇ ಪಾಸ್‌ವರ್ಡ್!

ಈ ಪದ್ಧತಿಯ ಬೇರು 1987ರಲ್ಲಿದೆ. ಅಮೆರಿಕದ ವಿಶ್ವವಿದ್ಯಾಲಯಗಳನ್ನು ಬೆಸೆಯುತ್ತಿದ್ದ ಜಾಲ ಬೆಳೆಯುತ್ತಿತ್ತು. ದೂರದ ರೂಟರ್ ಕೆಟ್ಟರೆ ‘ಪಿಂಗ್’ ಮಾಡಿ ಉತ್ತರ ಬಂತೇ ಎಂದು ನೋಡುವುದರಾಚೆ ಹೆಚ್ಚಿನ ದಾರಿಯಿರಲಿಲ್ಲ. ಆ ನವೆಂಬರ್‌ನಲ್ಲಿ ಜೆಫ್ರಿ ಕೇಸ್, ಜೇಮ್ಸ್ ಡೇವಿನ್, ಮಾರ್ಕ್ ಫೆಡರ್, ಮಾರ್ಟಿನ್ ಶಾಫ್‌ಸ್ಟಾಲ್ ಸೇರಿ ಒಂದು ಸರಳ ಪ್ರೋಟೊಕಾಲ್ ಮುಂದಿಟ್ಟರು. ಅದನ್ನೇ ತಿದ್ದಿ 1988ರ ಆಗಸ್ಟ್‌ನಲ್ಲಿ ಎಸ್‌ಎನ್‌ಎಂಪಿ ಹುಟ್ಟಿತು.

ಆದರೆ ಹಿರಿಯರ ಕಣ್ಣಿದ್ದದ್ದು ಬೇರೆಡೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಇಂಟರ್ನೆಟ್‌ನ ರೂವಾರಿಗಳಲ್ಲೊಬ್ಬರಾದ ವಿಂಟ್ ಸರ್ಫ್ ಬರೆದ ಶಿಫಾರಸಿನ ಪ್ರಕಾರ ಇದು ಸದ್ಯದ ಏರ್ಪಾಡು ಮಾತ್ರ. ಮುಂದಕ್ಕೆ ಅಂತರರಾಷ್ಟ್ರೀಯ ಮಾನದಂಡದ ಭಾರೀ ವ್ಯವಸ್ಥೆಯೊಂದು ಬರಬೇಕಿತ್ತು. ಅದು ಇಂಟರ್ನೆಟ್‌ನಲ್ಲಿ ಬೇರು ಬಿಡಲೇ ಇಲ್ಲ. ಎಸ್‌ಎನ್‌ಎಂಪಿ ಗೆದ್ದದ್ದು ರೂಟರ್ ಮೇಲೆ ಭಾರ ಹೇರದ ಗುಣದಿಂದ: ಎಲ್ಲ ಮಾಹಿತಿಗೂ ಒಂದೊಂದು ಅಂಕಿ-ವಿಳಾಸ, ಯುಡಿಪಿ 161ನೇ ಪೋರ್ಟ್‌ಗೆ ಪ್ರಶ್ನೆ, ಅಷ್ಟಕ್ಕೇ ಉತ್ತರ. ತೊಂದರೆಯಾದರೆ ರೂಟರೇ 162ಕ್ಕೆ ಕೂಗು ಹಾಕುತ್ತದೆ.

ಕೇಳುವುದಷ್ಟೇ ಅಲ್ಲ, ಆಜ್ಞೆ ಕೊಡಲೂ ಬರುತ್ತಿತ್ತು. 1990ರ ಇಂಟರಾಪ್ ಮೇಳದಲ್ಲಿ ಜಾನ್ ರಾಂಕಿ, ಸೈಮನ್ ಹ್ಯಾಕೆಟ್ ಇದರಿಂದಲೇ ಟೋಸ್ಟರ್ ಆನ್ ಮಾಡಿ ತೋರಿಸಿದರು. ಬ್ರೆಡ್ಡನ್ನು ಮಾತ್ರ ಕೈಯಿಂದಲೇ ಇಡಬೇಕಿತ್ತು.

ಆದರೆ ಪಾಸ್‌ವರ್ಡ್‌ನಂತಿರುವ ಆ ಕಮ್ಯುನಿಟಿ ಪದ ತಂತಿಯಲ್ಲಿ ಬಟಾಬಯಲಾಗಿ ಹೋಗುತ್ತದೆ. ಅಂಥ ಬೀಗವನ್ನು ನಂಬಿ ರೂಟರ್‌ನ ಸೆಟ್ಟಿಂಗ್ ಬದಲಿಸಲು ಯಾರಿಗೆ ಧೈರ್ಯ? 1993ರ ಎರಡನೇ ಆವೃತ್ತಿ ಭದ್ರತೆ ತಂದಿತು, ಜೊತೆಗೆ ತಲೆಬಿಸಿಯನ್ನೂ; 1996ರ ‘ವಿ2ಸಿ’ ಮತ್ತೆ ಹಳೆಯ ಕಮ್ಯುನಿಟಿಗೇ ಮರಳಿತು. ಗೂಢಲಿಪೀಕರಣವುಳ್ಳ ಮೂರನೇ ಆವೃತ್ತಿ ಪೂರ್ಣ ಮಾನದಂಡವಾದದ್ದು 2002ರಲ್ಲಿ. ಅಷ್ಟರಲ್ಲಿ ಎಂಜಿನಿಯರುಗಳು ಇದನ್ನು ಬರೀ ನಿಗಾ ಇಡಲು ಬಳಸಿ, ಸೆಟ್ಟಿಂಗ್‌ಗೆ ಕಮಾಂಡ್ ಲೈನನ್ನೇ ನೆಚ್ಚಿಕೊಂಡಿದ್ದರು. ಆ ಕೊರತೆ ತುಂಬಲೆಂದೇ 2006ರಲ್ಲಿ ‘ನೆಟ್‌ಕಾನ್ಫ್’ ಎಂಬ ಬೇರೆ ಪ್ರೋಟೊಕಾಲ್ ಬಂತು.

ಇಂದು ಇದನ್ನು ಆನ್ ಮಾಡುವುದಿದ್ದರೆ ವಿ3 ಆರಿಸಿ. ಹಳೆಯ ಸಾಧನದಲ್ಲಿ ವಿ2ಸಿ ಮಾತ್ರ ಇದ್ದರೆ ‘ಪಬ್ಲಿಕ್’ ಅಳಿಸಿ ಬೇರೆ ಪದ ಹಾಕಿ, ಓದುವ ಅನುಮತಿಯಷ್ಟೇ ಕೊಡಿ, ನಿಗಾ ಇಡುವ ಕಂಪ್ಯೂಟರಿನ ಐಪಿ ವಿಳಾಸವೊಂದಕ್ಕೇ ಬಾಗಿಲು ತೆರೆಯಿರಿ. ಹರಿದ ಡೇಟಾದ ಲೆಕ್ಕಕ್ಕೆ 64 ಬಿಟ್ ಕೌಂಟರ್ ಬಳಸಿ: ಗಿಗಾಬಿಟ್ ಸಂಪರ್ಕ ತುಂಬಿ ಹರಿದರೆ ಹಳೆಯ 32 ಬಿಟ್ಟಿನದು ಸುಮಾರು 34 ಸೆಕೆಂಡಿಗೇ ಸುತ್ತಿ ಸೊನ್ನೆಗೆ ಬರುತ್ತದೆ.