ಉಳಿದ ಮೂರು ಕಾಲುಗಳು

ಕಾಲು ಉಳಿಸಿಕೊಂಡರೆ ನೋವು ಮುಗಿಯುವುದಿಲ್ಲ ಅಥವಾ ಜೀವಕ್ಕೇ ಅಪಾಯ ಎಂದು ಖಚಿತವಾದಾಗ ಮಾತ್ರ ಪಶುವೈದ್ಯರು ನಾಯಿಯ ಕಾಲನ್ನು ತೆಗೆದುಹಾಕುವ ನಿರ್ಧಾರಕ್ಕೆ ಬರುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಇಂಥ ಸ್ಥಿತಿಗೆ ತಂದು ನಿಲ್ಲಿಸುವ ಕಾರಣಗಳು ಕಣ್ಣೆದುರಿಗೇ ಇವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯೂ ಅದರ ಸರ್ವಿಸ್ ರಸ್ತೆಗಳೂ ಊರಿಗೂ ಹೊಲಕ್ಕೂ ನಡುವೆ ಹಾದುಹೋಗಿವೆ. ಒಡೆಯನ ಹಿಂದೆ ತೋಟಕ್ಕೆ ಹೊರಟ ನಾಯಿ ರಸ್ತೆ ದಾಟಲೇಬೇಕು. ಕಾಡಂಚಿನ ಹೊಲಗಳಲ್ಲಿ ಕಾಡುಹಂದಿಗೆಂದು ಕದ್ದು ಒಡ್ಡುವ ತಂತಿ ಉರುಳಿಗೆ ನಾಯಿಯ ಕಾಲು ಸಿಕ್ಕಿಕೊಳ್ಳುವುದೂ ಉಂಟು. ತಂತಿ ಬಿಗಿದು ರಕ್ತದ ಓಡಾಟ ನಿಂತ ಕಾಲು ಮೊದಲು ತಣ್ಣಗಾಗುತ್ತದೆ, ಆಮೇಲೆ ಕಪ್ಪಾಗಿ ಕೊಳೆಯತೊಡಗುತ್ತದೆ. ಮುರಿದ ಕಾಲಿಗೆ ಬಿದಿರ ದಬ್ಬೆ ಇಟ್ಟು ಅಳತೆ ಮೀರಿ ಬಿಗಿದ ಕಟ್ಟು ಕೂಡ ಇದೇ ಅನಾಹುತ ಮಾಡುತ್ತದೆ.

ಇನ್ನೊಂದು ಬಗೆಯ ಪೆಟ್ಟಿನಲ್ಲಿ ಮೂಳೆ ಮುರಿದೇ ಇರುವುದಿಲ್ಲ. ವಾಹನ ಬಡಿದ ರಭಸಕ್ಕೆ ಮುಂಗಾಲು ಮೈಯಿಂದ ಹೊರಕ್ಕೆ ಸೆಳೆಯಲ್ಪಟ್ಟಾಗ ಹೆಗಲ ಸಂದಿನ ನರಗಳು ಬೇರುಸಹಿತ ಕಿತ್ತುಬರುತ್ತವೆ. ಕಾಲು ಜೋತಾಡುತ್ತದೆ, ಮಡಚಿಕೊಂಡ ಪಂಜ ನೆಲಕ್ಕೆ ಉಜ್ಜಿ ಗಾಯವಾಗುತ್ತದೆ, ಕೆಲವೊಮ್ಮೆ ನಾಯಿಯೇ ತನ್ನ ಕಾಲನ್ನು ಕಚ್ಚಿಕೊಳ್ಳುತ್ತದೆ. ರಾಟ್‌ವೀಲರ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಗಳಲ್ಲಿ ಮೂಳೆ ಕ್ಯಾನ್ಸರ್ ಕೂಡ ಒಂದು ಕಾರಣ. ಅಲ್ಲಿ ಕಾಲು ತೆಗೆಯುವುದರಿಂದ ನೋವು ಹೋಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ. ಬರೀ ಶಸ್ತ್ರಚಿಕಿತ್ಸೆಯಾದ ನಾಯಿಗಳು ಸಾಮಾನ್ಯವಾಗಿ ನಾಲ್ಕೈದು ತಿಂಗಳು ಬದುಕುತ್ತವೆ. ಕೀಮೊಥೆರಪಿಯೂ ಸೇರಿದರೆ ಅದು ವರ್ಷದ ಹತ್ತಿರಕ್ಕೆ ಹೋಗಬಹುದು. ಈ ಮಾತನ್ನು ಮನೆಯವರು ವೈದ್ಯರ ಬಳಿ ಮೊದಲೇ ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ನಾಯಿಯನ್ನು ಗೌರವಿಸುವುದು ಈ ಭಾಗಕ್ಕೆ ಹೊಸದಲ್ಲ. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ನಾಯಿಗಳಿಗೇ ಒಂದು ಗುಡಿ ಇದೆ. ಪಕ್ಕದ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ್ದು. ಆದರೂ ಕಾಲು ತೆಗೆಯಬೇಕೆಂದ ಕೂಡಲೇ ‘ಕುಂಟ ನಾಯಿ ಬದುಕಿ ಏನು ಪಡಬೇಕು’ ಎಂಬ ಮಾತು ಮನೆಯಲ್ಲಿ ಬರುತ್ತದೆ. ಆ ಸಂಕಟ ಮನುಷ್ಯರದು. ನಾಯಿಗೆ ಕನ್ನಡಿಯ ಚಿಂತೆಯಿಲ್ಲ, ಅದನ್ನು ಕಾಡುವುದು ನೋವು ಮಾತ್ರ. ತಿಂಗಳುಗಟ್ಟಲೆ ಕೊಳೆತ ಕಾಲನ್ನು ಎಳೆದಾಡಿದ ನಾಯಿ ಶಸ್ತ್ರಚಿಕಿತ್ಸೆಯ ವಾರದೊಳಗೆ ಮೊದಲಿಗಿಂತ ಗೆಲುವಾಗುವುದು ಅಪರೂಪವಲ್ಲ. ಬೆಂಗಳೂರಿನ ಪ್ರಾಣಿರಕ್ಷಣಾ ಸಂಸ್ಥೆ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್‌ಗೆ ಹೆಸರು ಬಂದದ್ದೇ ಚಾರ್ಲಿ ಎಂಬ ಮೂರು ಕಾಲಿನ ನಾಯಿಯಿಂದ.

ನಿರ್ಧಾರಕ್ಕೆ ಮುಂಚೆ ವೈದ್ಯರು ಹೆಚ್ಚು ಹೊತ್ತು ನೋಡುವುದು ಕೆಟ್ಟ ಕಾಲನ್ನಲ್ಲ, ಉಳಿಯುವ ಮೂರನ್ನು. ಸೊಂಟದ ಕೀಲು, ಮಂಡಿ, ಬೆನ್ನು ಗಟ್ಟಿಯಿವೆಯೇ, ಮೈಭಾರ ಮಿತಿಯಲ್ಲಿದೆಯೇ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ರಕ್ತಪರೀಕ್ಷೆಯನ್ನೂ ತಪ್ಪಿಸಬಾರದು. ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆಯ ನಾಯಿಗಳಲ್ಲಿ ಸಾಮಾನ್ಯ. ಅದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಇಳಿಸಿಬಿಟ್ಟಿದ್ದರೆ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ನಿಲ್ಲಿಸುವುದು ಕಷ್ಟ. ನಾಲ್ಕೂ ಪಟ್ಟಣಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಪ್ರಥಮ ಚಿಕಿತ್ಸೆ, ಸಲೈನ್, ನೋವಿನ ಇಂಜೆಕ್ಷನ್ ಅಲ್ಲಿ ಸಿಗುತ್ತದೆ. ಪೂರ್ಣ ಅರಿವಳಿಕೆ ಕೊಟ್ಟು ಮಾಡುವ ದೊಡ್ಡ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಖಾಸಗಿ ಆಸ್ಪತ್ರೆಗೋ ಹೋಗಬೇಕಾಗಬಹುದು.

ಪಾದವಷ್ಟೇ ಕೆಟ್ಟಿದ್ದರೂ ಇಡೀ ಕಾಲನ್ನೇಕೆ ತೆಗೆಯುತ್ತಾರೆ ಎಂದು ಹಲವರು ಕೇಳುತ್ತಾರೆ. ಮೋಟು ಉಳಿದರೆ ನಾಯಿ ಅದನ್ನೂ ಊರಲು ನೋಡುತ್ತದೆ, ಊರಿದಾಗಲೆಲ್ಲ ತುದಿ ನೆಲಕ್ಕೆ ತಾಗಿ ಒಡೆಯುತ್ತದೆ. ಆದ್ದರಿಂದ ಮುಂಗಾಲನ್ನು ಹೆಚ್ಚಾಗಿ ಹೆಗಲ ಹಲಗೆಯ ಸಮೇತ ತೆಗೆಯುತ್ತಾರೆ. ಹಿಂಗಾಲನ್ನು ತೊಡೆಯ ನಡುವಿನಲ್ಲೋ ಸೊಂಟದ ಕೀಲಿನಲ್ಲೋ ತೆಗೆಯುತ್ತಾರೆ. ಕೃತಕ ಕಾಲು ಹಾಕಿಸುವ ಯೋಚನೆಯಿದ್ದರೆ ಮಾತ್ರ ಲೆಕ್ಕ ಬೇರೆ. ಅದಕ್ಕೆ ಮೋಟು ಬೇಕು, ಹಾಗಾಗಿ ಆ ಮಾತು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆಗಬೇಕು.

ನಾಯಿ ನಿಂತಾಗ ಅದರ ಭಾರದಲ್ಲಿ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲೆ, ಶೇ 40ರಷ್ಟು ಹಿಂಗಾಲುಗಳ ಮೇಲೆ ಬೀಳುತ್ತದೆ. 20 ಕೆ.ಜಿ. ನಾಯಿಯಾದರೆ ಒಂದೊಂದು ಮುಂಗಾಲಿಗೆ 6 ಕೆ.ಜಿ., ಒಂದೊಂದು ಹಿಂಗಾಲಿಗೆ 4 ಕೆ.ಜಿ. ಮುಂಗಾಲೊಂದು ಹೋದರೆ ಉಳಿದ ಮುಂಗಾಲು ಮೈಭಾರದ ಅರ್ಧದ ಹತ್ತಿರ ಹೊರುತ್ತದೆ. ಹಾಗಾಗಿಯೇ ಮುಂಗಾಲು ಕಳೆದುಕೊಂಡ ನಾಯಿಗೆ ಹೊಂದಿಕೊಳ್ಳುವುದು ತುಸು ಕಷ್ಟ. ಅದು ತಲೆಯನ್ನು ಮೇಲಕ್ಕೆತ್ತಿ ಕುಪ್ಪಳಿಸಿ ಹೆಜ್ಜೆ ಹಾಕುತ್ತದೆ. ಹಿಂಗಾಲು ಹೋದದ್ದು ಓಡುವಾಗ ಅಷ್ಟಾಗಿ ಗೊತ್ತೇ ಆಗುವುದಿಲ್ಲ.

ಶಸ್ತ್ರಚಿಕಿತ್ಸೆಯಾದ ಮೊದಲ ರಾತ್ರಿ ನಾಯಿ ಕುಂಯ್‌ಗುಟ್ಟುವುದು, ಗುರುತು ಸಿಗದಂತೆ ನೋಡುವುದು ಇರುತ್ತದೆ. ಅದರಲ್ಲಿ ನೋವಿನಷ್ಟೇ ಪಾಲು ಅರಿವಳಿಕೆಯ ಮಂಪರಿನದು. ಬಹಳಷ್ಟು ನಾಯಿಗಳು ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತವೆ. ಹೊಲಿಗೆಯ ಸುತ್ತ ನೇರಳೆ ಬಣ್ಣ ಬರುವುದು, ಆ ಬಣ್ಣ ಕೆಳಗೆ ಹೊಟ್ಟೆಯ ಕಡೆಗೆ ಇಳಿಯುವುದು ಸಹಜ. ಚರ್ಮದ ಕೆಳಗೆ ಮೆತ್ತನೆಯ ನೀರುಗಂಟು ಕಾಣಿಸಿಕೊಂಡರೆ ಅದು ಸಾಮಾನ್ಯವಾಗಿ ತಾನೇ ಇಂಗುತ್ತದೆ. ಸೂಜಿ ಚುಚ್ಚಿ ಹೊರತೆಗೆಯಲು ಹೋಗಬಾರದು. ಕೆಟ್ಟ ವಾಸನೆ, ಕೀವು, ಬಿಟ್ಟುಕೊಂಡ ಹೊಲಿಗೆ, ಬಿಳಿಚಿದ ಒಸಡು, ದಿನವಿಡೀ ಅನ್ನ ಮುಟ್ಟದಿರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊಲಿಗೆ ಬಿಚ್ಚುವ 10–14 ದಿನಗಳವರೆಗೆ ಕುತ್ತಿಗೆಗೆ ಕೋನ್ ಇರಲೇಬೇಕು. ಪಾಪ ಎಂದು ಅದನ್ನು ಬಿಚ್ಚಿದ ಒಂದು ರಾತ್ರಿಯಲ್ಲಿ ನಾಯಿ ಇಡೀ ಹೊಲಿಗೆ ಕಿತ್ತುಹಾಕಬಲ್ಲದು. ಅರಿಶಿನ, ಸುಣ್ಣ, ಸೀಮೆಎಣ್ಣೆ, ಫಿನೈಲ್ ಯಾವುದನ್ನೂ ಗಾಯಕ್ಕೆ ಹಚ್ಚಬಾರದು. ಮಳೆಗಾಲದಲ್ಲಿ ನೊಣ ಕೂತು ಹುಳು ಬೀಳುವ ಭಯ ಹೆಚ್ಚಿರುವುದರಿಂದ ಕೊಟ್ಟಿಗೆ, ತಿಪ್ಪೆಗಳಿಂದ ದೂರ, ಸೊಳ್ಳೆಪರದೆಯ ಕೆಳಗೆ ಮಲಗಿಸುವುದು ಲೇಸು.

ನೋವಿನ ಮಾತ್ರೆ ವೈದ್ಯರು ಬರೆದಷ್ಟು ದಿನ ತಪ್ಪದೆ ನಡೆಯಬೇಕು. ನಾಯಿ ಅಳುತ್ತಿಲ್ಲ ಎಂದರೆ ನೋವಿಲ್ಲ ಎಂದಲ್ಲ. ಮೂಲೆ ಹಿಡಿಯುವುದು, ಮಲಗಿದರೂ ನಿದ್ದೆ ಬಾರದೆ ಜಾಗ ಬದಲಿಸುವುದು, ಸುಮ್ಮನೆ ಏದುಸಿರು ಬಿಡುವುದು ನೋವಿನ ಗುರುತುಗಳು. ಇದ್ದಕ್ಕಿದ್ದಂತೆ ಕಿರುಚಿ, ಇಲ್ಲದ ಕಾಲಿನ ಜಾಗವನ್ನು ತಿರುಗಿ ನೋಡುವುದೂ ಉಂಟು. ಕತ್ತರಿಸಿದ ನರಗಳಿಂದ ಬರುವ ಈ ನೋವಿಗೆ ಗ್ಯಾಬಪೆಂಟಿನ್‌ನಂಥ ಬೇರೆ ಔಷಧ ಬೇಕಾಗುತ್ತದೆ. ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನು ಕೊಡುವುದು ದೊಡ್ಡ ಅಪಾಯ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ವಿಷವಾಗಬಹುದು. ಡೈಕ್ಲೋಫೆನಾಕ್‌ನ ಕೇಡು ರಾಮನಗರದವರಿಗೆ ಇನ್ನೊಂದು ದಾರಿಯಿಂದ ತಿಳಿದದ್ದೇ. ಔಷಧ ಕೊಟ್ಟ ದನದ ಹೆಣ ತಿಂದ ರಣಹದ್ದುಗಳು ದೇಶದುದ್ದಕ್ಕೂ ಸತ್ತದ್ದರಿಂದ 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದಕ್ಕೆ ನಿಷೇಧ ಬಂತು. ರಣಹದ್ದುಗಳಿಗೆಂದೇ ಒಂದು ಧಾಮವಿರುವುದು ಇಲ್ಲಿನ ರಾಮದೇವರ ಬೆಟ್ಟದಲ್ಲಿ. ಹದ್ದಿಗೆ ಕೇಡಿಲ್ಲವೆಂದು ಡೈಕ್ಲೋಫೆನಾಕ್‌ನ ಜಾಗಕ್ಕೆ ಬಂದ ಮೆಲಾಕ್ಸಿಕ್ಯಾಮ್ ನಾಯಿಗಳಿಗೂ ವೈದ್ಯರು ಬರೆಯುವ ಔಷಧ. ಆದರೆ ಅದರ ಪ್ರಮಾಣವನ್ನು ನಾಯಿಯ ತೂಕ ನೋಡಿಯೇ ಗೊತ್ತುಮಾಡಬೇಕು.

ಮೊದಲ ದಿನಗಳಲ್ಲಿ ಹೊರಗೆ ಕರೆದೊಯ್ಯಲು ಹಳೆಯ ಟವೆಲ್ ಸಾಕು. ಹಿಂಗಾಲು ಹೋಗಿದ್ದರೆ ಅದನ್ನು ಉದ್ದಕ್ಕೆ ಮಡಚಿ ಹೊಟ್ಟೆಯ ಕೆಳಗೆ, ತೊಡೆಗೆ ಒತ್ತಿಕೊಂಡಂತೆ ಹಾಯಿಸಿ, ಎರಡು ತುದಿಗಳನ್ನೂ ಬೆನ್ನಿನ ಮೇಲೆ ಒಂದೇ ಕೈಯಲ್ಲಿ ಹಿಡಿಯಬೇಕು. ಗಂಡುನಾಯಿಯಾದರೆ ಟವೆಲ್ ಮೂತ್ರಾಂಗಕ್ಕೆ ಅಡ್ಡ ಬರಬಾರದು. ಮುಂಗಾಲು ಹೋಗಿದ್ದರೆ ಎದೆಯ ಕೆಳಗೆ, ಹೊಲಿಗೆಗೆ ತಾಗದಂತೆ ಹಾಯಿಸಬೇಕು. ನಾಯಿಯನ್ನು ಎತ್ತುವುದಲ್ಲ, ಜಾರಿದರೆ ಹಿಡಿದುಕೊಳ್ಳುವುದಷ್ಟೇ ಈ ಟವೆಲ್‌ನ ಕೆಲಸ. ಮೊದಲ ಒಂದು ದಿನ ಮೂತ್ರವನ್ನೂ ಮೂರು ನಾಲ್ಕು ದಿನ ಮಲವನ್ನೂ ತಡೆಹಿಡಿಯುವ ನಾಯಿಗಳಿವೆ. ಕಾಲೆತ್ತಿ ಅಭ್ಯಾಸವಾದ ಗಂಡುನಾಯಿ ಹೊಸ ಭಂಗಿ ಹುಡುಕಿಕೊಳ್ಳುವವರೆಗೆ ಅದಕ್ಕೆ ಅವಸರ ಮಾಡಬಾರದು.

ಮನೆಯೊಳಗೆ ಮೂರು ಕಾಲಿನ ನಾಯಿಗೆ ನೆಲದಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಟೈಲ್ಸ್, ಗ್ರಾನೈಟ್, ಉಜ್ಜಿ ನುಣುಪಾದ ಕೆಂಪು ಗಾರೆಯ ಮೇಲೆ ನಾಲ್ಕು ಕಾಲಿದ್ದಾಗ ಲೆಕ್ಕಕ್ಕೆ ಬಾರದ ಜಾರುವಿಕೆ ಈಗ ಮಂಡಿಯ ಹುರಿ ಹರಿಯುವಷ್ಟು ಕೆಟ್ಟದ್ದು. ಎರಡು ಸಲ ಬಿದ್ದ ನಾಯಿ ನಡೆಯಲೇ ಹೆದರುತ್ತದೆ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಗೋಣಿಚೀಲ, ತೆಂಗಿನ ನಾರಿನ ಮ್ಯಾಟು, ಹಳೆಯ ಯೋಗಾ ಮ್ಯಾಟು ಯಾವುದನ್ನಾದರೂ ಹಾಸಿ ಅಂಚುಗಳನ್ನು ಟೇಪಿನಿಂದ ಅಂಟಿಸಬೇಕು. ಉಗುರು ಕತ್ತರಿಸಿ, ಪಂಜದ ಸಂದಿಯ ಕೂದಲು ತೆಗೆದರೆ ಹಿಡಿತ ಇನ್ನೂ ಹೆಚ್ಚುತ್ತದೆ. ಜಗಲಿಯಿಂದ, ಕಾರಿನಿಂದ, ಸ್ಕೂಟರಿನ ಮುಂದಿನಿಂದ ಧುಮುಕುವ ರೂಢಿಯನ್ನು ಪೂರ್ತಿ ಬಿಡಿಸಬೇಕು. ಇಳಿಯುವ ಒಂದೊಂದು ನೆಗೆತವೂ ಮುಂಗಾಲಿನ ಮಣಿಕಟ್ಟಿಗೆ ಬೀಳುವ ಏಟು.

ಗಾಯ ಮಾಯಲು ಪ್ರೋಟೀನು ಬೇಕು. ಬರೀ ಮುದ್ದೆ–ಸಾರು ಅಥವಾ ಹಾಲು–ಅನ್ನ ತಿಂದು ಬೆಳೆದ ನಾಯಿಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಸೇರಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಮುಂಗಾಲು ಹೋದ ನಾಯಿ ಬಗ್ಗಿ ತಿನ್ನುವಾಗ ಮುಗ್ಗರಿಸುತ್ತದೆ, ತಟ್ಟೆಯನ್ನು ಇಟ್ಟಿಗೆಯ ಮೇಲೆ ಎದೆಮಟ್ಟಕ್ಕೆ ಇಟ್ಟರೆ ಆ ಕಷ್ಟ ತಪ್ಪುತ್ತದೆ. ಗಾಯ ಮಾದ ಮೇಲೆ ಮಾತ್ರ ಊಟ ಬಿಗಿಯಾಗಬೇಕು. ಕರುಣೆಯಿಂದ ಮನೆಮಂದಿಯೆಲ್ಲ ಹಾಕುವ ಬಿಸ್ಕತ್ತು ಉಳಿದ ಕಾಲುಗಳ ಮೇಲೆ ಹೇರುವ ಹೊರೆಯಾಗುತ್ತದೆ. ಬೆರಳಿನಿಂದ ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು.

ಮೊದಲ ಎರಡು ವಾರ ಓಟ, ಆಟ ಇಲ್ಲ. ಐದೈದು ನಿಮಿಷದ ನಡಿಗೆಯನ್ನು ದಿನಕ್ಕೆ ಮೂರು ನಾಲ್ಕು ಸಲ ಮಾಡಿಸಿ ನಿಧಾನವಾಗಿ ಹೆಚ್ಚಿಸಬೇಕು. ಒಂದು ತಿಂಗಳ ಹೊತ್ತಿಗೆ ಹೆಚ್ಚಿನವು ಹೊಸ ನಡಿಗೆಗೆ ಹೊಂದಿಕೊಳ್ಳುತ್ತವೆ. ಮೂರು ಕಾಲಿನಲ್ಲಿ ನಿಧಾನ ನಡೆಯುವುದು ಬಿರುಸಾಗಿ ಹೋಗುವುದಕ್ಕಿಂತ ಕಷ್ಟ ಎಂಬುದನ್ನು ಹಗ್ಗ ಹಿಡಿದವರು ನೆನಪಿಡಬೇಕು. ಅದು ನಾಲ್ಕು ಹೆಜ್ಜೆ ಮುಂದೆ ಓಡಿ ಕೂರುತ್ತದೆ, ಕೂರಲು ಬಿಡಬೇಕು. ಹೊಲಿಗೆ ಬಿಚ್ಚಿದ ಮೇಲೆ ತಿಂಡಿಯ ಚೂರನ್ನು ಮೂಗಿನ ಮುಂದೆ ಹಿಡಿದು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಒಯ್ದರೆ ನಾಯಿ ನಿಂತಲ್ಲೇ ಭಾರ ಬದಲಿಸುವುದನ್ನು ಕಲಿಯುತ್ತದೆ. ಕೂರಿಸಿ ಏಳಿಸುವುದು ಹಿಂಗಾಲಿನ ಸ್ನಾಯುಗಳಿಗೆ ಒಳ್ಳೆಯದು. ಈಜು ಕೂಡ ಒಳ್ಳೆಯದೇ, ಆದರೆ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿ ಅಲ್ಲ. ಅದರ ನುಣುಪು ಅಂಚನ್ನು ನಾಲ್ಕು ಕಾಲಿನ ನಾಯಿಯೇ ಹತ್ತಲಾರದೆ ಮುಳುಗುತ್ತದೆ, ಹೊಂಡಕ್ಕೆ ಬೇಲಿ ಇರಬೇಕು. ಬೇಸಿಗೆಯಲ್ಲಿ ನಡಿಗೆ ಬೆಳಗ್ಗೆ, ಇಲ್ಲವೇ ಹೊತ್ತು ಮುಳುಗಿದ ಮೇಲೆ.

ರೇಷ್ಮೆ ಬೆಳೆಯುವ ಮನೆಗಳಿಗೆ ಒಂದು ಮಾತು ಹೆಚ್ಚು ಹೇಳಬೇಕು. ಚೇತರಿಸಿಕೊಳ್ಳುವ ನಾಯಿಗೆ ಉಣ್ಣೆ ಹತ್ತದಂತೆ ಔಷಧ ಹಾಕಲೇಬೇಕು. ಆದರೆ ಆ ಪುಡಿ, ಹನಿ, ಸ್ಪ್ರೇಗಳಲ್ಲಿರುವ ಡೆಲ್ಟಾಮೆಥ್ರಿನ್, ಫಿಪ್ರೋನಿಲ್‌ನಂಥವು ಕೀಟನಾಶಕಗಳು, ರೇಷ್ಮೆಹುಳುವಿಗೂ ವಿಷ. ಔಷಧವನ್ನು ಹುಳುಮನೆಯಿಂದಲೂ ಹಿಪ್ಪುನೇರಳೆ ತೋಟದಿಂದಲೂ ದೂರದಲ್ಲಿ ಹಾಕಿ, ಕೈ ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಸೊಪ್ಪು ಮುಟ್ಟಬೇಕು. ಇತ್ತ ಹುಳುಮನೆ ತೊಳೆಯುವ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ನಾಯಿಗೂ ಒಳ್ಳೆಯದಲ್ಲ. ಬೆಳೆ ಮುಗಿದು ಖಾಲಿ ಇದೆಯೆಂದು ನಾಯಿಯನ್ನು ಅಲ್ಲಿ ಮಲಗಿಸಬಾರದು.

ರಾತ್ರಿ ಮೂರು ಕಾಲಿನ ನಾಯಿಯನ್ನು ಹೊರಗೆ ಬಿಡುವಂತೆಯೇ ಇಲ್ಲ. ರಾಮನಗರ, ಮಾಗಡಿ, ಕನಕಪುರದ ಬಂಡೆಬೆಟ್ಟಗಳ ಸುತ್ತ ಚಿರತೆ ಓಡಾಡುತ್ತದೆ. ಅದು ಊರೊಳಗೆ ಬರುವುದೇ ಹೆಚ್ಚಾಗಿ ನಾಯಿಗಾಗಿ, ಕರು–ಮೇಕೆಗಾಗಿ. ತೋಟದ ಮನೆಯ ಕಾವಲಿಗೆ ಸರಪಳಿ ಹಾಕಿ ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ, ಮೂರು ಕಾಲಿನದಕ್ಕಂತೂ ಓಡಿ ಗೆಲ್ಲುವುದು ಸಾಧ್ಯವಿಲ್ಲ. ಕಾವಲಿನ ಕೆಲಸ ಅದು ಮುಂದುವರಿಸಬಹುದು, ಬಾಗಿಲು ಹಾಕಿದ ಒಳಮನೆಯಿಂದ ಬೊಗಳಿದರೂ ಕಾವಲೇ. ಕಾಲು ಕಳೆದುಕೊಂಡ ಬೀದಿನಾಯಿಯ ವಿಷಯದಲ್ಲೂ ಇದೇ ಯೋಚನೆ ಇರಬೇಕು. ಬೇರೆ ನಾಯಿಗಳ ಗುಂಪು ಮತ್ತು ವಾಹನಗಳ ನಡುವೆ ಅದನ್ನು ಮರಳಿ ಬಿಡುವುದಕ್ಕಿಂತ ಒಂದು ಮನೆ ಹುಡುಕಿಕೊಡುವುದು ಮೇಲು.

ಮನೆಯ ಬೇರೆ ನಾಯಿಗಳು ಹಿಂತಿರುಗಿದ ಗೆಳೆಯನ ಆಸ್ಪತ್ರೆ ವಾಸನೆಗೆ ಗುರುಗುಟ್ಟಬಹುದು. ಕೆಲವು ದಿನ ಬೇರೆ ಬೇರೆ ಇಟ್ಟು, ಆಮೇಲೆ ಎದುರಿಗೆ ಇದ್ದುಕೊಂಡು ಸೇರಿಸಬೇಕು. ನೋವಿನಲ್ಲಿರುವ ಸಾಧು ನಾಯಿಯೂ ಕಚ್ಚಬಹುದು. ಹೊಲಿಗೆಯ ಕಡೆಯಿಂದ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು, ರೇಬಿಸ್ ಲಸಿಕೆ ಸಕಾಲಕ್ಕೆ ಆಗಿರಬೇಕು.

ವರ್ಷಗಳು ಕಳೆದಂತೆ ಉಳಿದ ಕಾಲುಗಳು ಬೇಗ ಸವೆಯುತ್ತವೆ. ಮುಂಗಾಲಿನ ಮಣಿಕಟ್ಟು ನೆಲದತ್ತ ಬಾಗುವುದು, ಬೆನ್ನು ಗೂನಾಗುವುದು, ಬೆಳಗ್ಗೆ ಏಳಲು ತಡವರಿಸುವುದು, ಹತ್ತುತ್ತಿದ್ದ ಮೆಟ್ಟಿಲ ಬುಡದಲ್ಲೇ ನಿಲ್ಲುವುದು ಕೀಲುನೋವಿನ ಮೊದಲ ಸುಳಿವುಗಳು. ಇವು ಕಾಣುವ ಮುಂಚೆಯೇ ಆರು ತಿಂಗಳಿಗೊಮ್ಮೆ ತೂಕ ನೋಡಿಸಿ ಕೀಲು ಪರೀಕ್ಷೆ ಮಾಡಿಸುವುದು ಒಳಿತು. ಮಣಿಕಟ್ಟು ಬಾಗತೊಡಗಿದರೆ ವೈದ್ಯರು ಪಟ್ಟಿ ಅಥವಾ ಆಸರೆ ಸೂಚಿಸುತ್ತಾರೆ. ಇನ್ನೊಂದು ಹಿಂಗಾಲೂ ಸೋತರೆ ಪೈಪು ಮತ್ತು ಚಕ್ರ ಜೋಡಿಸಿದ ಗಾಡಿ ಕಟ್ಟಬಹುದು. ಅದನ್ನು ನಾಯಿಯ ಸೊಂಟದ ಎತ್ತರ, ಅಗಲ, ಬೆನ್ನಿನ ಉದ್ದ ಅಳೆದೇ ಮಾಡಿಸಬೇಕು. ಮೊದಲ ದಿನಗಳಲ್ಲಿ ಹತ್ತು ಹದಿನೈದು ನಿಮಿಷ ಮಾತ್ರ ಕಟ್ಟಿ, ಪಟ್ಟಿ ಉಜ್ಜಿದ ಕಡೆ ಚರ್ಮ ಕೆಂಪಾಗಿದೆಯೇ ಎಂದು ಬಿಚ್ಚಿದಾಗಲೆಲ್ಲ ನೋಡಬೇಕು.