ಅವರ ರಾತ್ರಿ, ನಮ್ಮ ಹಗಲು

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ, ಕಡಲಾಚೆ ಕೆಲಸಗಾರರನ್ನು ಇಟ್ಟುಕೊಳ್ಳೋದು ದೊಡ್ಡವರ ಆಟ. ಈಗ ನ್ಯೂಯಾರ್ಕ್‌ನ ಹತ್ತು ಜನರ ಆಡಿಟರ್ ಆಫೀಸಿಗೂ ಅದು ಸಾಧ್ಯ.

ಹೇಗೆ ಅಂತೀರಾ? ಅಲ್ಲಿ ಟ್ಯಾಕ್ಸ್ ರಿಟರ್ನ್‌ಗೆ ಸಾಮಾನ್ಯವಾಗಿ ಏಪ್ರಿಲ್ 15 ಕಡೇ ದಿನ. ಆ ಭರಾಟೆಯಲ್ಲಿ ರಾತ್ರಿ 10ಕ್ಕೆ ಫೈಲ್ ಕಳಿಸಿ ಮಲಗಿದರೆ, ನಮಗೆ ಬೆಳಗ್ಗೆ 7.30. ಅವರು ಏಳೋಷ್ಟರಲ್ಲಿ ಬೆಂಗಳೂರಿನ ಅಕೌಂಟೆಂಟ್ ಲೆಕ್ಕ ಸಿದ್ಧ ಮಾಡಿಟ್ಟಿರುತ್ತಾರೆ. ಸಂಬಳದ ಉಳಿತಾಯ ಇದ್ದೇ ಇದೆ. ದೊಡ್ಡ ಲಾಭ ಸಮಯದ್ದು.

ಆದರೆ ಗ್ರಾಹಕರ ತೆರಿಗೆ ಮಾಹಿತಿ ದೇಶ ದಾಟುವ ಮುಂಚೆ ಅವರ ಲಿಖಿತ ಒಪ್ಪಿಗೆ ಬೇಕು. ಅದು ಅಲ್ಲಿನ ಕಾನೂನು.

ಇನ್ನೊಂದು ಮಾತು. ಅಗ್ಗ ಅಂತಷ್ಟೇ ನೋಡಿದರೆ, ಕೆಲಸ ಕಲಿತ ಹುಡುಗಿ ಮುಂದಿನ ಸೀಸನ್‌ಗೆ ಇರಲ್ಲ. ಹೊಸಬರಿಗೆ ಮತ್ತೆ ಮೊದಲಿಂದ ಕಲಿಸಬೇಕು. ಆಗ ಉಳಿಸಿದ್ದೇನು ಸ್ವಾಮಿ?