ಗಡಿಗೆಯೊಳಗಿನ ದಫ್ತರ

ಪೇಶ್ವೆಗಳ ಆಳಿಕೆಯಲ್ಲಿ ಬೀಳಗಿಗೆ ಹತ್ತಿರದ ಬಾಗಲಕೋಟೆಯಲ್ಲೇ ಟಂಕಸಾಲೆ ಇತ್ತು. ಮೊಘಲ ಬಾದಶಹ ಶಾ ಆಲಂನ ಹೆಸರು ಹೊತ್ತ ಬೆಳ್ಳಿ ರೂಪಾಯಿ ಅಲ್ಲಿ ಅಚ್ಚಾಗುತ್ತಿತ್ತು. 1818ರಲ್ಲಿ ಪೇಶ್ವಾಯಿ ಮುಗಿದ ಮೇಲೆಯೂ 1819ರ ಇಸವಿ ಹಾಕಿದ ರೂಪಾಯಿ ಅಲ್ಲಿಂದ ಹೊರಬಿದ್ದಿವೆ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಗೆಲ್ಲ 11.66 ಗ್ರಾಂ ತೂಗುವ ಒಂದೇ ರೂಪಾಯಿ ತಂದಿತು. ಊರೂರಿನ ಹಳೆಯ ನಾಣ್ಯಗಳಿಗೆ ಆಮೇಲೆ ಉಳಿದದ್ದು ಪತ್ತಾರರ ಮೂಸೆ. ಒಂದು ನಾಣ್ಯ ಅಪರೂಪವಾಗುವುದು ಹೆಚ್ಚಾಗಿ ಹೀಗೆಯೇ: ಕಡಿಮೆ ಅಚ್ಚಾದದ್ದರಿಂದಲ್ಲ, ಹೆಚ್ಚು ಕರಗಿದ್ದರಿಂದ. ಅಮೆರಿಕದ 1933ರ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯದ ಕತೆಯೂ ಇದೇ. ಟಂಕಿಸಿದ್ದು 4,45,500. ಆ ವರ್ಷವೇ ಅಧ್ಯಕ್ಷ ರೂಸ್‌ವೆಲ್ಟ್ ಚಿನ್ನದ ಚಲಾವಣೆ ನಿಲ್ಲಿಸಿದ್ದರಿಂದ ಹೆಚ್ಚುಕಡಿಮೆ ಎಲ್ಲವೂ ಕುಲುಮೆ ಸೇರಿದವು. ಉಳಿದವುಗಳಲ್ಲಿ ಒಂದು 2021ರ ಹರಾಜಿನಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹೋಯಿತು.

ಈ ಬೆಲೆ ನೋಡಿ ಬಾಯಿ ಬಿಡುವುದು ಸಹಜ. ಆದರೆ ನಾಣ್ಯಶಾಸ್ತ್ರ ಎಂಬ ವಿದ್ಯೆ ಕೇಳುವ ಪ್ರಶ್ನೆಗಳೇ ಬೇರೆ: ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಯಾವುದರ ಜೊತೆಗೆ? ಗಡಿಗೆಯೊಂದರಲ್ಲಿ ನೂರು ನಾಣ್ಯ ಸಿಕ್ಕರೆ ಅವುಗಳಲ್ಲಿ ಕೊನೆಯದಾಗಿ ಅಚ್ಚಾದದ್ದು ಯಾವುದೋ, ಹೂತಿಟ್ಟ ಕಾಲ ಅದಕ್ಕಿಂತ ಹಿಂದಿನದಾಗಲಾರದು. ಆ ಒಂದನ್ನು ಯಾರಾದರೂ ಜೇಬಿಗಿಳಿಸಿದರೆ ಲೆಕ್ಕವೇ ತಪ್ಪುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯನ್ನು ನೋಡಿ. ಅಲ್ಲಿನ ಉತ್ಖನನಗಳಲ್ಲಿ ಸಾತವಾಹನರ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಇವರ ಬೆಳ್ಳಿ ನಾಣ್ಯಗಳು ಸಿಕ್ಕವು. ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಇವೇ ಹೆಚ್ಚು, ಅಪರೂಪವೇನಲ್ಲ. ಆದರೂ 1947ರಲ್ಲಿ ಚಂದ್ರವಳ್ಳಿ, ಬ್ರಹ್ಮಗಿರಿಗಳನ್ನು ಅಗೆಸಿದ ಮಾರ್ಟಿಮರ್ ವೀಲರ್, ದಖ್ಖನ್ನಿನ ಮಣ್ಣಿನ ಪದರಗಳಿಗೆ ಕಾಲ ಕಟ್ಟುವಾಗ ರೋಮ್ ವ್ಯಾಪಾರದ ಇಂಥ ಕುರುಹುಗಳನ್ನೇ ಊರುಗೋಲು ಮಾಡಿಕೊಂಡರು. ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ ಎಂಟು ಡಬ್ಬಿಗಳಲ್ಲಿ 1,427 ಚಿನ್ನದ ನಾಣ್ಯ ಸಿಕ್ಕವು. ಹೂತವರಾರು ಎಂಬುದು ಇತ್ಯರ್ಥವಾಗುವ ಮೊದಲೇ ಮಾರಾಟ ಶುರುವಾಯಿತು. ಹಣದ ಲೆಕ್ಕಕ್ಕೆ ಅದು ದೊಡ್ಡದು, ಇತಿಹಾಸಕ್ಕೆ ಚಂದ್ರವಳ್ಳಿಯ ಬೆಳ್ಳಿಯೇ ತೂಕ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಹವ್ಯಾಸಿ ಸಂಗ್ರಾಹಕರು ಕೊಳ್ಳದಿದ್ದರೆ ಹಳೆಯ ನಾಣ್ಯಗಳೆಲ್ಲ ಕರಗಿಯೇ ಹೋಗುತ್ತಿದ್ದವಲ್ಲ ಎಂಬುದು ಮೊದಲನೆಯದು. ಮಾತು ನಿಜ. ಬಿಜಾಪುರದ ಎರಡನೆಯ ಅಲಿ ಆದಿಲಶಾಹಿಯ ಕಾಲದ, ತಂತಿಯನ್ನು ಮಡಿಸಿದಂತಿರುವ ಬೆಳ್ಳಿಯ ಲಾರಿ ನಾಣ್ಯಗಳನ್ನು ಬಿಡಿಬಿಡಿಯಾಗಿಯಾದರೂ ಉಳಿಸಿದವರಲ್ಲಿ ಸಂಗ್ರಾಹಕರೂ ಇದ್ದಾರೆ. ಆದರೆ ಸಿಕ್ಕ ಜಾಗದ ಹೆಸರಿಲ್ಲದ ಲಾರಿ ಆಳಿದವನ ಹೆಸರು ಹೇಳುತ್ತದೆ, ಬಳಸಿದವರ ಊರು ಹೇಳುವುದಿಲ್ಲ. ಎರಡನೆಯ ಆಕ್ಷೇಪ ರೈತನದು: ಹೊಲದಲ್ಲಿ ಸಿಕ್ಕಿದ್ದನ್ನು ಸರ್ಕಾರಕ್ಕೆ ಒಪ್ಪಿಸಿದರೆ ನನಗೇನು? ನ್ಯಾಯವಾದ ಪ್ರಶ್ನೆಯೇ. 1878ರ ನಿಧಿ ಕಾಯ್ದೆಗೂ ಇದು ಗೊತ್ತಿತ್ತು. ನಿಧಿಗೆ ವಾರಸುದಾರರಿಲ್ಲ ಎಂದಾದರೆ, ಬೇರೆ ಒಪ್ಪಂದವಿಲ್ಲದಾಗ, ಕಂಡುಹಿಡಿದವನಿಗೆ ಮುಕ್ಕಾಲು, ಜಾಗದ ಒಡೆಯನಿಗೆ ಕಾಲು ಪಾಲು ಎಂದಿತ್ತು. ಸರ್ಕಾರವೇ ಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಹೆಚ್ಚಿಗೆ ಕೊಡಬೇಕಿತ್ತು. ಕರ್ನಾಟಕ 1962ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ತಂದುಕೊಟ್ಟವನು ಕಚೇರಿಗೆ ಅಲೆಯುವಂತಾದರೆ ಯಾವ ಕಾಯ್ದೆಯೂ ಮುಂದಿನವನನ್ನು ಒಪ್ಪಿಸಲಾರದು. ಇಲ್ಲಿ ಸುಧಾರಿಸಬೇಕಾದದ್ದು ಆಡಳಿತ.

ನಿಧಿಯ ಆಸೆಗೆ ಅಗೆಯುವವರ ಬಗ್ಗೆ ಮಾತ್ರ ಇಷ್ಟು ಸಹಾನುಭೂತಿ ಬೇಕಿಲ್ಲ. 2019ರ ಜುಲೈನಲ್ಲಿ ಆನೆಗುಂದಿಯ ನವಬೃಂದಾವನದಲ್ಲಿ ಅಂಥವರು ವ್ಯಾಸರಾಜರ ಬೃಂದಾವನವನ್ನೇ ಕೆಡವಿದರು. ಹೊನ್ನಿನ ಕೊಪ್ಪರಿಗೆ ಗುಡಿಯ ಕೆಳಗೇ ಇರುತ್ತದೆಂಬುದು ಕತೆ. ಆದರೆ ಗಂಡಾಂತರದ ದಿನಗಳಲ್ಲಿ ಹಣ ಹೂತು, ತೆಗೆಯಲು ಮರಳಿ ಬಾರದವರಲ್ಲಿ ಸಾಹುಕಾರರು, ಸಿಪಾಯಿಗಳು, ಒಕ್ಕಲಿಗರೂ ಇದ್ದರು. ಬೀಳಗಿ ಸೀಮೆಯಲ್ಲಿ ಎಷ್ಟೋ ಹಳೆಯ ನೆಲ ಈಗಾಗಲೇ ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಉಳಿದ ನೆಲದಲ್ಲಿ ನೇಗಿಲಿಗೋ ಮನೆಯ ಪಾಯಕ್ಕೋ ಗಡಿಗೆ ತಗುಲಿದರೆ ನಾಣ್ಯಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಹಂಚಿಕೊಳ್ಳಬೇಡಿ, ಒಡೆದ ಬೋಕಿಯನ್ನೂ ಎಸೆಯಬೇಡಿ. ಜಾಗವನ್ನು ಹಾಗೆಯೇ ಬಿಟ್ಟು ತಹಶೀಲ್ದಾರರಿಗೆ ತಿಳಿಸಿ, ಕೊಟ್ಟದ್ದಕ್ಕೆ ಪ್ರತಿ ನಾಣ್ಯದ ಎಣಿಕೆಯಿರುವ ರಸೀದಿ ಬರೆಸಿಕೊಳ್ಳಿ.